ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣಿ, ಫಿಲ್ಟರ್ ಮನ್ಯಾಗ ಬದಲಿ ಮಾಡೋದು: ಬಳ್ಳಾರಿ ಬಿಸಿಲಿಗೆ ತಕ್ಕಂಗ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ದೊಡ್ಡಪ್ಪನ ಗಾಡಿ ಒಂದು ಹಳೇ ಪೆಟ್ರೋಲ್ ಸೆಡಾನ್, 4 ಸ್ಪೀಡ್ ಆಟೋಮ್ಯಾಟಿಕ್, ಒಂದು ಲಕ್ಷದ ಮ್ಯಾಲೆ ಓಡೇತಿ. ಒಂದ್ಸಲ ಮೇ ತಿಂಗಳಾಗ ಸಿರುಗುಪ್ಪದಿಂದ ವಾಪಸ್ ಬಳ್ಳಾರಿಗೆ ಬರೋ ಹೊತ್ತಿಗೆ ಎರಡನೇ ಗೇರಿನಿಂದ ಮೂರನೇದಕ್ಕ ಹೋಗುವಾಗ ಗಾಡಿ ಗಡಗಡ ಅಂತ ನಡುಗಾಕ ಶುರು ಆತು. ಗ್ಯಾರೇಜಿಗೆ ಬಿಟ್ವಿ, ಗೇರ್‌ಬಾಕ್ಸ್ ಎಣ್ಣಿ ಬದಲಿ ಮಾಡೀವಿ ಅಂತ ಬಿಲ್ ಕೊಟ್ರು, ದೊಡ್ಡಪ್ಪ ರೊಕ್ಕ ಕೊಟ್ಟು ಬಂದ, ಆದ್ರ ಒಂದು ವಾರದಾಗ ನಡುಕ ಮೊದಲಿಗಿಂತ ಜಾಸ್ತಿ ಆತು. ಡಿಪ್‌ಸ್ಟಿಕ್ (ಎಣ್ಣಿ ಎಷ್ಟೈತಿ ಅಂತ ನೋಡೋ ಕಡ್ಡಿ) ಎಳದು ನೋಡಿದ್ರ ಲೆವೆಲ್ ಹಾಟ್ ಅನ್ನೋ, ಅಂದ್ರ ಬಿಸಿ ಎಣ್ಣಿಯ ಗುರ್ತಿನ, ಗೆರಿಗಿಂತ ಒಂದು ಬೆರಳು ಮ್ಯಾಲೆ, ಎಣ್ಣಿ ತುಂಬ ನೊರಿ. ಕೇಳಿದ್ರ ಹಾಕಿದ್ದು ಪವರ್ ಸ್ಟೀರಿಂಗಿಗೆ ಹಾಕೋ ಹಳೇ ಕಾಲದ ಕೆಂಪೆಣ್ಣಿ, ಫಿಲ್ಟರ್ ಅಂತೂ ಮುಟ್ಟೇ ಇಲ್ಲ. "ಕೆಂಪಗ ಐತಲ್ರೀ, ಎಲ್ಲಾ ಒಂದೇ" ಅಂದ್ರು.

ಆ ಮಾತು ಕೇಳಿ ನನಗ ಭಾಳ ಸಂಕಟ ಆತು. ದೊಡ್ಡಪ್ಪಗ ಮೊಣಕಾಲು ನೋವು, ಎಡಗಾಲಿಂದ ಕ್ಲಚ್ ತುಳಿಯಾಕ ಆಗೋದಿಲ್ಲ ಅಂತನೇ ಆ ಗಾಡಿ ಇಟ್ಕೊಂಡಾನ. ಗೇರ್‌ಬಾಕ್ಸ್ ಹೋದ್ರ ಗಾಡಿನೇ ಹೋದಂಗ. ಅವತ್ತಿಂದ ವರ್ಕ್‌ಶಾಪ್ ಮ್ಯಾನ್ಯುವಲ್ ಹಿಡ್ಕೊಂಡು ಕುಂತು ಕಲ್ತು, ಈಗ ಮನಿ ಮುಂದಿನ ಜಾಗದಾಗ ನಾನೇ ಈ ಕೆಲಸ ಮಾಡ್ತೀನಿ, ಗೆಳೆಯರ ಗಾಡಿಗೂ ಮಾಡೀನಿ. ನಮ್ಮ ಕಡೆ ಆಟೋಮ್ಯಾಟಿಕ್ ಗಾಡಿ ಈಗ ಭಾಳ ಆಗ್ಯಾವು, ಅದ್ಕ ಗೊತ್ತಿರೋದೆಲ್ಲಾ ಇಲ್ಲಿ ಬರಿತೀನಿ. ಬಿಚ್ಚೋದು ಕಟ್ಟೋದು ಇದರಾಗ ಸುಲಭದ ಭಾಗ. ಸರಿಯಾದ ಎಣ್ಣಿ, ಒಳಗ ಒಂದು ಕಣ ಧೂಳೂ ಹೋಗದಂಗ ನೋಡ್ಕೊಳ್ಳೋದು, ಆಮ್ಯಾಲೆ ಸರಿಯಾದ ಟೆಂಪರೇಚರಿನ್ಯಾಗ ಲೆವೆಲ್ ನೋಡೋದು, ಈ ಮೂರರಾಗೇ ಗೇರ್‌ಬಾಕ್ಸಿನ ಜೀವ ಐತಿ, ಮೂರನೇದರಾಗ ಬಳ್ಳಾರಿ ಬಿಸಿಲು ನಮ್ಮನ್ನ ಭಾಳ ಕಾಡ್ತೈತಿ.

ಮೊದಲು ನಿಮ್ಮದು ಯಾವ ಆಟೋಮ್ಯಾಟಿಕ್ ಅಂತ ತಿಳ್ಕೋರಿ

ನಮ್ಮ ಊರಾಗ ಆಟೋಮ್ಯಾಟಿಕ್ ಅಂತ ಓಡಾಡೋ ಸಣ್ಣ ಗಾಡಿಗಳಾಗ ಭಾಳಷ್ಟು ಎಎಂಟಿ. ಅಂದ್ರ ಒಳಗ ಇರೋದು ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತೋದು ಗೇರ್ ಹಾಕೋದು ಮಾತ್ರ ಒಂದು ಯಂತ್ರ ಮಾಡ್ತೈತಿ. ಮಾರುತಿಯೋರು ತಮ್ಮ ಎಎಂಟಿಗೆ ಎಜಿಎಸ್ ಅಂತಾರ, ಅದರ ಲಿವರ್ ನೋಡ್ರಿ, ಅದರ ಮ್ಯಾಲೆ ಪಿ (ಪಾರ್ಕಿಂಗ್) ಅನ್ನೋ ಅಕ್ಷರನೇ ಇರೋದಿಲ್ಲ, ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), ಎಂ (ಮ್ಯಾನ್ಯುವಲ್) ಅಷ್ಟೇ. ಇಂಥಾ ಗಾಡಿಗೆ ಎಟಿಎಫ್, ಅಂದ್ರ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣಿ, ಬರೋದಿಲ್ಲ, ಮ್ಯಾನ್ಯುವಲ್ ಗೇರ್ ಆಯಿಲ್ ಬರ್ತೈತಿ, ಈ ಬರಹದ ಕೆಲಸ ನಿಮಗ ಬ್ಯಾಡ.

ಸಿವಿಟಿ ಇದ್ರ ಅದರಾಗ ಒಂದು ಎರಡು ಮೂರು ಅನ್ನೋ ಹಂತದ ಗೇರ್ ಇಲ್ಲ, ಎರಡು ಪುಲ್ಲಿ ನಡುವ ಒಂದು ಉಕ್ಕಿನ ಬೆಲ್ಟೋ ಚೈನೋ ಹಿಡ್ಕೊಂಡು ತಿರಗ್ತೈತಿ, ಆ ಹಿಡಿತಕ್ಕ ತಕ್ಕಂಗ ಮಾಡಿದ ಸಿವಿಟಿ ಎಣ್ಣಿನೇ ಹಾಕಬೇಕು, ಮಾಮೂಲಿ ಎಟಿಎಫ್ ಹಾಕಿದ್ರ ಬೆಲ್ಟ್ ಜಾರಿ ಪುಲ್ಲಿ ಗೀರಿ ಹೋಗ್ತೈತಿ. ಬಿಚ್ಚೋ ಕ್ರಮ ಸುಮಾರು ಹಿಂಗೇ ಇರ್ತೈತಿ, ಎಣ್ಣಿ ಮಾತ್ರ ಬ್ಯಾರೆ. ಡಿಸಿಟಿ, ಅಂದ್ರ ಎರಡು ಕ್ಲಚ್ಚಿನ ಗೇರ್‌ಬಾಕ್ಸ್, ಅದನ್ನ ಮನ್ಯಾಗ ಬಿಚ್ಚಬ್ಯಾಡ್ರಿ, ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದೋ ಯಂತ್ರ) ಇರೋರ ಕಡೆನೇ ಹೋಗ್ರಿ. ನಾನು ಹೇಳಾಕ ಹೊಂಟಿರೋದು ಟಾರ್ಕ್ ಕನ್ವರ್ಟರ್ (ಎಣ್ಣಿ ಮೂಲಕ ಎಂಜಿನ್ ಬಲ ಗೇರ್‌ಬಾಕ್ಸಿಗೆ ದಾಟಿಸೋ ಭಾಗ) ಇರೋ, ಕೆಳಗ ಬಿಚ್ಚಾಕ ಬರೋ ಪ್ಯಾನ್ (ಎಣ್ಣಿ ನಿಲ್ಲೋ ತಟ್ಟಿ) ಇರೋ ಗೇರ್‌ಬಾಕ್ಸಿಂದು.

ಇಲ್ಲೇ ಇನ್ನೊಂದು ಮಾತು. ಎಲ್ಲಾ ಟಾರ್ಕ್ ಕನ್ವರ್ಟರ್ ಗಾಡಿಗೂ ಪ್ಯಾನ್ ತೆಗೆದ್ರ ಫಿಲ್ಟರ್ ಸಿಗೋದಿಲ್ಲ. ಕೆಲವಕ್ಕ ಫಿಲ್ಟರ್ ಕೇಸಿನ ಒಳಗೇ ಕುಂತಿರ್ತೈತಿ, ಗೇರ್‌ಬಾಕ್ಸ್ ಇಳಿಸಿ ಎರಡು ಹೋಳು ಮಾಡಿದ್ರ ಮಾತ್ರ ಸಿಗೋದು. ಅಂಥಾದಕ್ಕ ಬರೀ ಎಣ್ಣಿ ಇಳಿಸಿ ತುಂಬಿದ್ರ ಸಾಕು. ನಿಮ್ಮ ಮಾಡೆಲ್ಲಿಗೆ ಫಿಲ್ಟರ್ ಮತ್ತ ಪ್ಯಾನ್ ಗ್ಯಾಸ್ಕೆಟ್ (ಸೋರದಂಗ ನಡುವ ಹಾಕೋ ಪಟ್ಟಿ) ಅಂತ ಬಿಡಿಭಾಗ ಸಿಗ್ತೈತೋ ಇಲ್ಲೋ ಅಂತ ಚಾಸಿ ನಂಬರ್ ಕೊಟ್ಟು ಪಾರ್ಟ್ಸ್ ಕೌಂಟರಿನ್ಯಾಗ ಕೇಳಿದ್ರ ಅಲ್ಲೇ ಗೊತ್ತಾಗ್ತೈತಿ.

ಲೈಫ್‌ಟೈಮ್ ಎಣ್ಣಿ ಅಂತಾರಲ್ಲ, ಮತ್ಯಾಕ ಬದಲಿ ಮಾಡಬೇಕು

ಈ ಎಣ್ಣಿ ನಾಲ್ಕು ಕೆಲಸ ಮಾಡ್ತೈತಿ: ಗೇರಿಗೆ ನುಣುಪು ಕೊಡೋದು, ಒತ್ತಡದಿಂದ ಕ್ಲಚ್ ಹಿಡಿಯೋದು, ಟಾರ್ಕ್ ಕನ್ವರ್ಟರಿನ್ಯಾಗ ಎಂಜಿನ್ ಬಲ ದಾಟಿಸೋದು, ಕಾವು ಹೊತ್ತು ಕೂಲರಿಗೆ ಒಯ್ಯೋದು. ಚಲೋ ಸ್ಥಿತಿಯಾಗ ಅದು 80ರಿಂದ 95 ಡಿಗ್ರಿಯಾಗ ಇರ್ತೈತಿ. ಎಣ್ಣಿ ಕೆಡೋದಕ್ಕ ಹಳೇ ಲೆಕ್ಕ ಒಂದೈತಿ, ಕಾವು 10 ಡಿಗ್ರಿ ಏರಿದ್ರ ಎಣ್ಣಿ ಆಯುಷ್ಯ ಸುಮಾರು ಅರ್ಧಕ್ಕ ಇಳಿತೈತಿ. ಈಗ ನೀವೇ ಯೋಚ್ನೆ ಮಾಡ್ರಿ, ಹೊರಗ 42 ಡಿಗ್ರಿ, ಎಸಿ ಫುಲ್, ತೋರಣಗಲ್ ಕಡೆ ಅದಿರಿನ ಲಾರಿ ಸಾಲಿನ ಹಿಂದ ತೆವಳ್ಕೊಂತ ಹೋಗೋದು, ಕೂಲರಿಗೆ ಗಾಳಿನೇ ಹೊಡಿಯೋದಿಲ್ಲ. ತಣ್ಣನೆ ದೇಶದಾಗ ಕುಂತು ಬರೆದ ಲೈಫ್‌ಟೈಮ್ ಅನ್ನೋ ಮಾತು ಇಲ್ಲಿಗೆ ಹೊಂದೋದಿಲ್ಲ ಅಂತ ನನ್ನ ಅಭಿಪ್ರಾಯ. ನಿಮ್ಮ ಮ್ಯಾನ್ಯುವಲಿನ್ಯಾಗ ಕಠಿಣ ಬಳಕೆ ಅಂತ ಬ್ಯಾರೆ ಕಾಲಂ ಇರ್ತೈತಿ, ಬಿಸಿಲು ಧೂಳು ಟ್ರಾಫಿಕ್ ಮೂರೂ ಇರೋ ನಾವು ಆ ಕಾಲಂ ನೋಡಬೇಕು. ನಾನು 50 ಸಾವಿರ ಕಿಲೋಮೀಟರಿಗೆ ಬದಲಿ ಮಾಡ್ತೀನಿ.

ಒಂದು ಎಚ್ಚರಿಕೆ: ಗಾಡಿ ಈಗಾಗಲೇ ಜಾರಾಕತ್ತೈತಿ, ಆಕ್ಸಿಲರೇಟರ್ ಒತ್ತಿದ್ರ ಎಂಜಿನ್ ಕೂಗ್ತೈತಿ ಗಾಡಿ ಮುಂದ ಹೋಗೋದಿಲ್ಲ, ಎಣ್ಣಿ ಕರ್ರಗ ಸುಟ್ಟ ವಾಸನೆ ಐತಿ ಅಂದ್ರ ಒಳಗ ಕ್ಲಚ್ ಸವೆದು ಹೋಗ್ಯಾವು. ಹೊಸ ಎಣ್ಣಿ ಅದನ್ನ ಜೋಡಿಸೋದಿಲ್ಲ. ಎಣ್ಣಿ ಬದಲಿ ಮಾಡಿದ ಮ್ಯಾಲೆ ಗೇರ್‌ಬಾಕ್ಸ್ ಹೋತು ಅನ್ನೋ ಕತಿಗಳು ಭಾಳಷ್ಟು ಹಿಂಗ ಮೊದಲೇ ಹೋಗಿದ್ದ ಗೇರ್‌ಬಾಕ್ಸಿನವೇ. ಮಷಿನ್ ಹಚ್ಚಿ ಒತ್ತಡದಿಂದ ತೊಳೆಯೋದು ಹಳೇ ಗಾಡಿಗೆ ಬ್ಯಾಡ್ರಿ, ಇಳಿಸಿ ತುಂಬೋದೇ ಚಲೋ. ಎಣ್ಣಿ ಗುಲಾಬಿ ಬಣ್ಣದ ಮಜ್ಜಿಗಿಯಂಗ ಆಗಿದ್ರ ರೇಡಿಯೇಟರಿನ ಒಳಗಿನ ಕೂಲರ್ ಒಡೆದು ಕೂಲಂಟ್ ಸೇರೇತಿ ಅಂತ ಅರ್ಥ, ಆಗ ಗಾಡಿ ಚಾಲೂನೇ ಮಾಡಬ್ಯಾಡ್ರಿ, ಎತ್ತಿಸ್ಕೊಂಡು ಹೋಗ್ರಿ.

ಸಾಮಾನು

ಎಣ್ಣಿ ಬಗ್ಗೆ ಒಂದೇ ಮಾತು, ಡಬ್ಬಿ ಮ್ಯಾಲೆ ನಿಮ್ಮ ಮ್ಯಾನ್ಯುವಲಿನ್ಯಾಗ ಇರೋ ಸ್ಪೆಸಿಫಿಕೇಶನ್ ಹೆಸರು ಅಕ್ಷರಕ್ಕ ಅಕ್ಷರ ಇರಬೇಕು. ಟೊಯೋಟಾ ಡಬ್ಲ್ಯೂಎಸ್ ಅಂದ್ರ ಡಬ್ಲ್ಯೂಎಸ್ಸೇ, ಅದರ ಹಿಂದಿನ ಟಿ-4 ಬ್ಯಾರೆ, ಒಂದರ ಬದಲಿ ಇನ್ನೊಂದು ನಡಿಯೋದಿಲ್ಲ. ಹುಂಡೈ ಎಸ್‌ಪಿ-4, ಹೋಂಡಾ ಡಿಡಬ್ಲ್ಯೂ-1, ಡೆಕ್ಸ್‌ರಾನ್ 6, ಎಲ್ಲಾ ಕೆಂಪಗಿದ್ರೂ ಒಳಗಿನ ಗುಣ ಬ್ಯಾರೆ ಬ್ಯಾರೆ, ಯಾಕಂದ್ರ ಕ್ಲಚ್ ಎಷ್ಟು ಜಾರಿ ಎಷ್ಟು ಹಿಡಿಬೇಕು ಅನ್ನೋದನ್ನ ಆ ಎಣ್ಣಿಯೊಳಗಿನ ಔಷಧಿನೇ ನಿರ್ಧಾರ ಮಾಡ್ತೈತಿ. ನಮ್ಮ ದೊಡ್ಡಪ್ಪನ ಗಾಡಿಯ ನಡುಕ ಮೊದಲಿಗಿಂತ ಜಾಸ್ತಿ ಆಗಿದ್ದು ಅದಕ್ಕೇ. ಕೆಂಪು ಬಣ್ಣ ಅಂದ್ರ ಬರೀ ಹಾಕಿದ ಬಣ್ಣ, ಸೋರಿದ್ರ ಗುರ್ತು ಹಿಡಿಯಾಕ. ಒಂದ್ಸಲ ಇಳಿಸಿದ್ರ 3ರಿಂದ 4 ಲೀಟರ್ ಬರ್ತೈತಿ, ಫಿಲ್ಟರ್ ತೆಗೆದ್ರ ಇನ್ನೂ ಸ್ವಲ್ಪ ಹೆಚ್ಚು, ಹಂಗಾಗಿ 5 ಲೀಟರ್ ತಂದಿಟ್ಕೋರಿ.

ಉಳಿದದ್ದು: ಫಿಲ್ಟರ್ ಅದರ ಓ-ರಿಂಗ್ (ರಬ್ಬರ್ ಬಳಿ) ಸಮೇತ, ಪ್ಯಾನ್ ಗ್ಯಾಸ್ಕೆಟ್, ಡ್ರೇನ್ ಬೋಲ್ಟಿನ ಹೊಸ ವಾಷರ್. 10 ಎಂಎಂ ಸಾಕೆಟ್, ಡ್ರೇನ್ ಬೋಲ್ಟಿಗೆ ಬರೋ ಸಾಕೆಟ್ ಅಥವಾ ಅಲೆನ್ ಕೀ, ಸಣ್ಣ ರ‍್ಯಾಚೆಟ್, ಕಡಿಮೆ ಅಳತೆಯ ಟಾರ್ಕ್ ರೆಂಚ್ (ದೊಡ್ಡದು, ವೀಲ್ ನಟ್ಟಿಗೆ ಬಳಸೋದು, ಇಲ್ಲಿ ಕೆಲಸಕ್ಕ ಬರೋದಿಲ್ಲ). ಜಾಕ್, ನಾಲ್ಕು ಜಾಕ್ ಸ್ಟ್ಯಾಂಡ್, ಗಾಲಿಗೆ ಕೊಡಾಕ ಕಟ್ಟಿಗಿ ಅಡ್ಡಿ. ಅಗಲ ಬಾಯಿ ತಟ್ಟಿ, ಲೀಟರ್ ಗುರ್ತು ಇರೋ ಜಗ್, ಜಾಳಗಿ ಇರೋ ಉದ್ದ ಮೂತಿಯ ಲಾಳಿಕಿ. ಬ್ರೇಕ್ ಕ್ಲೀನರ್ ಸ್ಪ್ರೇ, ಪ್ಲಾಸ್ಟಿಕ್ ಕೆರಚಿ, ಗ್ಲೌಸು, ಕಣ್ಣಿಗೆ ಕನ್ನಡಕ. ಟೆಂಪರೇಚರ್ ನೋಡಾಕ ಬ್ಲೂಟೂತ್ ಒಬಿಡಿ ಅಡಾಪ್ಟರ್ (ಗಾಡಿಯ ಕಂಪ್ಯೂಟರ್ ಸಾಕೆಟ್ಟಿಗೆ ಚುಚ್ಚೋ ಸಣ್ಣ ಸಾಧನ) ಇದ್ರ ಫೋನಿನ್ಯಾಗೇ ಗೇರ್‌ಬಾಕ್ಸ್ ಎಣ್ಣಿ ಕಾವು ಕಾಣ್ತೈತಿ, ಆದ್ರ ಆ್ಯಪ್ ನಿಮ್ಮ ಗಾಡಿಯ ಗೇರ್‌ಬಾಕ್ಸ್ ಕಾವು ಓದ್ತೈತೋ ಇಲ್ಲೋ ಮೊದಲೇ ನೋಡ್ಕೋರಿ, ಕೆಲವು ಆ್ಯಪ್ ಎಂಜಿನ್ ಕಾವು ಅಷ್ಟೇ ತೋರಿಸ್ತಾವು.

ಒರೆಸೋ ಬಟ್ಟಿ ಬಗ್ಗೆ ಬಳ್ಳಾರಿ ಮಂದಿಗೆ ವಿಶೇಷವಾಗಿ ಹೇಳಬೇಕು. ನಮ್ಮದು ಜೀನ್ಸ್ ಊರು, ಕಟಿಂಗ್ ಪೀಸ್ ಎಲ್ಲಿ ಬೇಕಾದ್ರೂ ಸಿಗ್ತಾವು, ಕೈ ಒರೆಸಾಕ ಅದಕ್ಕಿಂತ ಚಲೋದು ಇಲ್ಲ. ಆದ್ರ ಪ್ಯಾನಿನ ಒಳಗ, ಗೇರ್‌ಬಾಕ್ಸಿನ ಒಳಗ ಮಾತ್ರ ಆ ಬಟ್ಟಿ ತಾಗಬಾರದು. ಕತ್ತರಿಸಿದ ಅಂಚಿನಿಂದ ನೂಲು ಉದುರತಾವು, ಆ ನೂಲು ವಾಲ್ವ್ ಬಾಡಿಯ (ಎಣ್ಣಿ ಯಾವ ಕ್ಲಚ್ಚಿಗೆ ಹೋಗಬೇಕು ಅಂತ ದಾರಿ ತಿರುಗಿಸೋ ಭಾಗ) ಕೂದಲೆಳೆಯಂಥಾ ದಾರಿಯಾಗ ಸಿಕ್ಕಿಬಿದ್ರ ಗೇರ್ ಬದಲಾಗೋದೇ ನಿಲ್ತೈತಿ. ಒಳಗಿಂದಕ್ಕ ನೂಲು ಬಿಡದಂಥಾ ಮೈಕ್ರೋಫೈಬರ್ ಅಥವಾ ಗಟ್ಟಿ ಪೇಪರ್ ಟವೆಲ್.

ಯಾವಾಗ ಮಾಡಬೇಕು

ಡಿಸೆಂಬರ್, ಜನವರಿ, ಬೆಳಗಿನ ಜಾವ. ಯಾಕಂತ ಲೆವೆಲ್ ವಿಷಯ ಬಂದಾಗ ಹೇಳ್ತೀನಿ. ಗಾಳಿ ಏಳೋ ಹೊತ್ತಿನ್ಯಾಗ ಪ್ಯಾನ್ ಬಿಚ್ಚಿ ಇಡಬಾರದು, ಸಂಡೂರು ಹೊಸಪೇಟೆ ಕಡೆಯ ಕೆಂಧೂಳು ನಮ್ಮ ಊರಿನ ಗಾಡಿ ಕೆಳಗ ಹೆಂಗ ಮೆತ್ಕೊಂಡಿರ್ತೈತಿ ಅಂತ ನಿಮಗ ಗೊತ್ತು. ಹಿಂದಿನ ದಿನನೇ ಗಾಡಿ ಕೆಳಗ ನೀರು ಹೊಡಿಸಿ ತೊಳೆಸಿ ಒಣಗಿಸಿ ಇಡ್ರಿ. ಕೆಂಪು ಮಣ್ಣು ಎಣ್ಣಿ ಹೀರಿದ್ರ ಸೋರಿಕಿ ಯಾವುದು ಮಣ್ಣು ಯಾವುದು ಗೊತ್ತಾಗೋದಿಲ್ಲ, ಬಿಳಿ ಟಿಶ್ಯೂ ಒತ್ತಿ ನೋಡಿದ್ರ ಮಾತ್ರ ತಿಳಿತೈತಿ, ಎಣ್ಣಿ ಆದ್ರ ಪೇಪರಿನ್ಯಾಗ ಹರಡ್ತೈತಿ, ಮಣ್ಣು ನಿಂತಲ್ಲೇ ನಿಲ್ತೈತಿ.

ಎತ್ತೋದು

ಗಾಡಿ 10 ನಿಮಿಷ ಓಡಿಸಿ ತಂದು ನಿಲ್ಲಿಸ್ರಿ, ಎಣ್ಣಿ ಉಗುರುಬೆಚ್ಚಗ ಇದ್ರ ಸಲೀಸಾಗಿ ಇಳಿತೈತಿ, ದೂರದ ಊರಿಂದ ಬಂದ ತಕ್ಷಣ ಬಿಚ್ಚಿದ್ರ ಕೈ ಸುಡ್ತೈತಿ. ಗಟ್ಟಿ ಸಿಮೆಂಟ್ ನೆಲ, ಸಮತಟ್ಟು. ಪಿ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗೆ ಅಡ್ಡಿ ಕೊಡ್ರಿ. ನಾಲ್ಕೂ ಕಡೆ ಸಮ ಎತ್ತಿ ಸ್ಟ್ಯಾಂಡ್ ಕೊಟ್ಟು, ಆಮ್ಯಾಲೆ ಗಾಡಿನ ಎರಡೂ ಕೈಯಿಂದ ಗಟ್ಟಿಯಾಗಿ ಅಲ್ಲಾಡಿಸ್ರಿ, ಬೀಳೋದಿದ್ರ ನೀವು ಹೊರಗ ಇರುವಾಗೇ ಬೀಳಬೇಕು. ಬರೀ ಜಾಕ್ ಮ್ಯಾಲೆ, ಇಲ್ಲಾ ಕಲ್ಲು ಇಟ್ಟಿಗಿ ಮ್ಯಾಲೆ ಗಾಡಿ ನಿಲ್ಲಿಸಿ ಕೆಳಗ ಹೋಗೋರನ್ನ ನೋಡೀನಿ, ದಯವಿಟ್ಟು ಹಂಗ ಮಾಡಬ್ಯಾಡ್ರಿ, ಇಟ್ಟಿಗಿ ಹೇಳದೇ ಕೇಳದೇ ಒಡೀತೈತಿ. ಜೊತಿಗೆ ಒಬ್ಬರು ಇರ್ಲಿ, ನನ್ನ ಜೊತಿ ತಮ್ಮ ಇರ್ತಾನ.

ಇಳಿಸೋದು

ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೀರಿ. ಈಗ ಡ್ರೇನ್ ಬೋಲ್ಟ್ ಯಾವುದು ಅಂತ ಎರಡು ಸಲ ಖಾತ್ರಿ ಮಾಡ್ಕೋರಿ. ಎಂಜಿನ್ ಆಯಿಲ್ ಬೋಲ್ಟೂ ಅಲ್ಲೇ ಹತ್ರ ಇರ್ತೈತಿ, ತಪ್ಪಿ ಅದನ್ನ ಬಿಚ್ಚಿ ಎಂಜಿನ್ ಎಣ್ಣಿ ಇಳಿಸಿ, ಗೇರ್‌ಬಾಕ್ಸಿಗೆ ಮ್ಯಾಲಿಂದ ಇನ್ನೊಂದು 4 ಲೀಟರ್ ಸುರಿದು ಗಾಡಿ ಚಾಲೂ ಮಾಡಿದ್ರ ಎಂಜಿನ್ ಗೇರ್‌ಬಾಕ್ಸ್ ಎರಡೂ ಒಂದೇ ದಿನ ಹೋಗ್ತಾವು.

ಅದಕ್ಕೂ ಮೊದಲು ತುಂಬೋ ದಾರಿ ತೆಗೀರಿ. ಡಿಪ್‌ಸ್ಟಿಕ್ ಇದ್ರ ಚಿಂತಿ ಇಲ್ಲ. ಡಿಪ್‌ಸ್ಟಿಕ್ ಇಲ್ಲದ ಗಾಡಿಗೆ ಪಕ್ಕದಾಗ ಒಂದು ಫಿಲ್ ಪ್ಲಗ್ ಇರ್ತೈತಿ, ಅದು ಬಿಚ್ಚಿ ಬರ್ತೈತಿ ಅಂತ ಗೊತ್ತಾದ ಮ್ಯಾಲೆನೇ ಡ್ರೇನ್ ಬಿಚ್ಚಬೇಕು. ಎಣ್ಣಿ ಎಲ್ಲಾ ಇಳಿಸಿದ ಮ್ಯಾಲೆ ಫಿಲ್ ಪ್ಲಗ್ ಜಾಮ್ ಆಗೇತಿ ಅಂತ ಗೊತ್ತಾದ್ರ ಗಾಡಿ ಅಲ್ಲೇ ನಿಂತಂಗ.

ಎಣ್ಣಿ ಹನಿ ಹನಿ ಆಗೋ ತನಕ ಬಿಡ್ರಿ, 20 ನಿಮಿಷ. ಅಷ್ಟರಾಗ ಒಗ್ಗರಣಿ ಮಿರ್ಚಿ ತಿಂದು ಚಾ ಕುಡಿದು ಬರಬಹುದು, ಆದ್ರ ತಟ್ಟಿ ಮ್ಯಾಲೆ ಏನರ ಮುಚ್ಚಿ ಹೋಗ್ರಿ. ಇಳಿದ ಎಣ್ಣಿನ ಚೆಲ್ಲದಂಗ ಜಗ್ಗಿಗೆ ಹಾಕಿ ಅಳತಿ ಬರೆದಿಡ್ರಿ. ಈ ಅಳತಿ ಮುಂದ ಭಾಳ ಬೇಕಾಗ್ತೈತಿ. ಹಂಗೇ ಒಂದು ಸಣ್ಣ ಗಾಜಿನ ಬಾಟಲಿಗೆ ಸ್ವಲ್ಪ ಎಣ್ಣಿ ಹಾಕಿ ತಾರೀಕು ಬರೆದು ಎತ್ತಿಡ್ರಿ.

ಪ್ಯಾನ್, ಫಿಲ್ಟರ್

ಡ್ರೇನ್ ಆದ್ರೂ ಪ್ಯಾನಿನ್ಯಾಗ ಅರ್ಧ ಲೀಟರ್ ಉಳಿದೇ ಇರ್ತೈತಿ. ಸುತ್ತಲಿನ ಬೋಲ್ಟ್ ಎಲ್ಲಾ ಸಡಿಲ ಮಾಡಿ, ಒಂದು ಕಡೆಯವು ಪೂರಾ ತೆಗೆದು, ಇನ್ನೊಂದು ಕಡೆ ಎರಡು ಮೂರು ಸುತ್ತು ಬಿಟ್ಟು ಹಿಡ್ಕೋರಿ, ಪ್ಯಾನ್ ಓರೆ ಆಗಿ ಆ ಮೂಲಿಯಿಂದ ಎಣ್ಣಿ ತಟ್ಟಿಗೆ ಬೀಳ್ತೈತಿ. ಅಂಟ್ಕೊಂಡಿದ್ರ ರಬ್ಬರ್ ಸುತ್ತಿಗಿಯಿಂದ ಪಕ್ಕಕ್ಕ ಬಡೀರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದ್ರ ಅಲ್ಯುಮಿನಿಯಂ ಮುಖ ಗೀರಿ ಆ ಜಾಗದಿಂದ ಜೀವನಪೂರ್ತಿ ಸೋರ್ತೈತಿ.

ಪ್ಯಾನ್ ಕೈಗೆ ಬಂದ ಮ್ಯಾಲೆ ಅವಸರ ಮಾಡಬ್ಯಾಡ್ರಿ. ಗೇರ್‌ಬಾಕ್ಸ್ ಒಳಗ ಏನು ನಡೆದೈತಿ ಅಂತ ಹೇಳೋ ಜಾಗ ಇದೊಂದೇ. ತಳದಾಗ ಗುಂಡನೆ ಇಲ್ಲಾ ಚೌಕ ಆಯಸ್ಕಾಂತ ಇರ್ತಾವು, ಅವು ಎಲ್ಲೆಲ್ಲಿ ಅದಾವು ಅಂತ ಫೋಟೋ ತಕ್ಕೋರಿ. ಅವುಕ್ಕ ಕಾಡಿಗಿಯಂಗ ಕಪ್ಪು ಬೂದಿ ಬಣ್ಣದ ಪೇಸ್ಟ್ ಮೆತ್ತಿರ್ತೈತಿ. ಬೆರಳಿನ್ಯಾಗ ತಿಕ್ಕಿದ್ರ ನುಣ್ಣಗ ಇದ್ರ ಅದು ಸಹಜ ಸವಕಳಿ, ಗಾಬರಿ ಬ್ಯಾಡ. ಬೆರಳಿಗೆ ಚುಚ್ಚೋ ಚೂರು, ಹೊಳೆಯೋ ತುಣುಕು, ಪದರ ಪದರ ಕಪ್ಪು ಹಾಳಿಯಂಥಾ ಕ್ಲಚ್ ಚೂರು ಕಂಡ್ರ ಗೇರ್‌ಬಾಕ್ಸ್ ತಿಳಿದೋರಿಗೆ ಫೋಟೋ ತೋರಿಸ್ರಿ. ನಮ್ಮ ದೊಡ್ಡಪ್ಪನ ಗಾಡಿಯಾಗ ಪೇಸ್ಟ್ ದಪ್ಪ ಇತ್ತು, ಆದ್ರ ನುಣ್ಣಗ ಇತ್ತು, ಅದನ್ನ ನೋಡಿನೇ ನನಗ ಧೈರ್ಯ ಬಂತು.

ಫಿಲ್ಟರ್ ತೆಗೆಯುವಾಗ ಎರಡು ಜಾಗದಾಗ ಮಂದಿ ತಪ್ಪತಾರ. ಒಂದು, ಫಿಲ್ಟರಿನ ಬೋಲ್ಟ್ ಮತ್ತ ವಾಲ್ವ್ ಬಾಡಿಯ ಬೋಲ್ಟ್ ನೋಡಾಕ ಒಂದೇ ಥರ, ಹೊಸ ಫಿಲ್ಟರಿನ್ಯಾಗ ಎಷ್ಟು ತೂತು ಅದಾವೋ ಅಷ್ಟೇ ಬೋಲ್ಟ್ ಬಿಚ್ಚಬೇಕು, ವಾಲ್ವ್ ಬಾಡಿದು ಮುಟ್ಟಬಾರದು, ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚೋ ವಾಲ್ವ್) ವೈರಿಗೂ ಕೈ ತಾಗಬಾರದು. ಬೋಲ್ಟುಗಳ ಉದ್ದ ಬ್ಯಾರೆ ಬ್ಯಾರೆ ಇರ್ತಾವು, ಹಂಗಾಗಿ ಒಂದು ರಟ್ಟಿನ ಮ್ಯಾಲೆ ಫಿಲ್ಟರಿನ ಚಿತ್ರ ಬರೆದು ಬೋಲ್ಟ್ ಅದೇ ಜಾಗದಾಗ ಚುಚ್ಚಿಡ್ರಿ. ಎರಡನೇದು ಓ-ರಿಂಗ್. ಹಳೇ ಫಿಲ್ಟರ್ ಬಂದ್ರೂ ಓ-ರಿಂಗ್ ಮ್ಯಾಲಿನ ತೂತಿನ್ಯಾಗೇ ಅಂಟ್ಕೊಂಡು ಉಳಿಬಹುದು. ಅದನ್ನ ನೋಡದೇ ಹೊಸದು ಏರಿಸಿದ್ರ ಫಿಲ್ಟರ್ ಸರಿ ಕೂಡೋದಿಲ್ಲ, ಆ ಸಂದಿನಿಂದ ಪಂಪ್ ಗಾಳಿ ಎಳೀತೈತಿ, ಗಾಳಿ ಬಂದ್ರ ಒತ್ತಡ ಇಲ್ಲ, ಒತ್ತಡ ಇಲ್ಲಂದ್ರ ಕ್ಲಚ್ ಜಾರ್ತೈತಿ. ಟಾರ್ಚ್ ಹಾಕಿ ನೋಡ್ರಿ, ಹಳೇ ಓ-ರಿಂಗ್ ಕೈಯಾಗ ಹಿಡ್ಕೊಂಡ ಮ್ಯಾಲೆನೇ ಮುಂದಿನ ಕೆಲಸ. ಹೊಸ ಓ-ರಿಂಗಿಗೆ ಹೊಸ ಎಟಿಎಫ್ ಸವರಿ ಕೂಡಿಸ್ರಿ, ಗ್ರೀಸ್ ಬ್ಯಾಡ. ಹಳೇದು ಹೊಸದು ಎರಡೂ ಫಿಲ್ಟರ್ ಪಕ್ಕ ಪಕ್ಕ ಇಟ್ಟು ಮೂತಿಯ ಎತ್ತರ ಒಂದೇ ಐತಾ ಅಂತಾನೂ ನೋಡ್ಕೋರಿ.

ಪ್ಯಾನ್ ಮುಚ್ಚೋದು

ಪ್ಯಾನನ್ನ ಬ್ರೇಕ್ ಕ್ಲೀನರಿನಿಂದ ತೊಳೆದು ಪೂರಾ ಒಣಗಿಸಿ, ಆಯಸ್ಕಾಂತ ಒರೆಸಿ ಫೋಟೋ ನೋಡಿ ಅದದೇ ಜಾಗಕ್ಕ ಇಡ್ರಿ. ಹಳೇ ಗ್ಯಾಸ್ಕೆಟ್ ಎರಡೂ ಮುಖದಿಂದ ಪ್ಲಾಸ್ಟಿಕ್ ಕೆರಚಿಯಿಂದ ತೆಗೀರಿ. ತಗಡಿನ ಪ್ಯಾನ್ ಆದ್ರ ಬೋಲ್ಟ್ ತೂತಿನ ಸುತ್ತ ಹಿಂದೆ ಯಾರೋ ಬಿಗಿದು ತಗ್ಗು ಬಿದ್ದಿರ್ತೈತಿ, ಕಟ್ಟಿಗಿ ಮ್ಯಾಲೆ ಇಟ್ಟು ಮೆಲ್ಲಕ ಬಡಿದು ಸಮ ಮಾಡ್ರಿ. ರಬ್ಬರ್ ಇಲ್ಲಾ ಕಾರ್ಕ್ ಗ್ಯಾಸ್ಕೆಟ್ ಇದ್ರ ಒಣದೇ ಕೂಡಿಸೋದು, ಸಿಲಿಕಾನ್ ಹಚ್ಚಬ್ಯಾಡ್ರಿ. ಕೆಲವು ಪ್ಯಾನಿಗೆ ಗ್ಯಾಸ್ಕೆಟ್ಟೇ ಇರೋದಿಲ್ಲ, ಸೀಲಂಟೇ ಹಚ್ಚಬೇಕು ಅಂತ ಮ್ಯಾನ್ಯುವಲ್ ಹೇಳ್ತೈತಿ, ಆಗ ಮಾತ್ರ ಸಣ್ಣ ಎಳೆ.

ಬೋಲ್ಟ್ ಎಲ್ಲಾ ಮೊದಲು ಬೆರಳಿನಿಂದ ಹಾಕ್ರಿ. ಆಮ್ಯಾಲೆ ಎದುರುಬದರು ಎರಡು ಮೂರು ಸುತ್ತಿನ್ಯಾಗ ಬಿಗೀರಿ. ಈ 6 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ 7ರಿಂದ 10 ನ್ಯೂಟನ್ ಮೀಟರ್ ಅಷ್ಟೇ, ನಿಮ್ಮ ಮ್ಯಾನ್ಯುವಲ್ ಹೇಳಿದ್ದೇ ಕಡೆಯ ಮಾತು. ರ‍್ಯಾಚೆಟ್ಟಿನ ತಲಿ ಹತ್ರ ಹಿಡಿದು ಮಣಿಕಟ್ಟಿನಿಂದ ತಿರುವಿದಷ್ಟು ಬಲ. ತೋಳಿನ ಬಲ ಹಾಕಿದ್ರ ಅಲ್ಯುಮಿನಿಯಂ ಆಟೆ (ಥ್ರೆಡ್) ಕಿತ್ಕೊಂಡು ಬರ್ತೈತಿ, ಸೋರ್ತದಲ್ಲಾ ಅಂತ ಹೆದರಿ ಹೆಚ್ಚು ಬಿಗಿದಷ್ಟು ಗ್ಯಾಸ್ಕೆಟ್ ಹಿಂಡಿ ಹೊರಗ ಬಂದು ಇನ್ನೂ ಹೆಚ್ಚು ಸೋರ್ತೈತಿ. ಡ್ರೇನ್ ಬೋಲ್ಟಿಗೆ ಹೊಸ ವಾಷರ್.

ತುಂಬೋದು, ಲೆವೆಲ್ ನೋಡೋದು

ಮೊದಲು ಎಷ್ಟು ಇಳಿದಿತ್ತೋ ಅಷ್ಟು. 3 ಲೀಟರ್ 400 ಮಿಲಿ ಇಳಿದಿದ್ರ 3 ಲೀಟರ್ 400 ಮಿಲಿ ಹಾಕ್ರಿ, ಫಿಲ್ಟರ್ ಪ್ಯಾನಿಂದ ಬಂದದ್ದೂ ಲೆಕ್ಕಕ್ಕ ಸೇರಿಸ್ರಿ. ನಮ್ಮ ಗಾಡಿಯಂಗ ಮೊದಲೇ ತಪ್ಪು ಲೆವೆಲ್ ಇದ್ದಿದ್ರ ಈ ಅಳತಿ ಬರೀ ಶುರುವಿಗೆ. ಲಾಳಿಕಿಯಿಂದ ನಿಧಾನಕ್ಕ ಹಾಕ್ರಿ, ಡಿಪ್‌ಸ್ಟಿಕ್ ಕೊಳವಿ ಸಣ್ಣದು, ಅವಸರಕ್ಕ ಉಕ್ಕಿ ಎಕ್ಸಾಸ್ಟ್ ಮ್ಯಾಲೆ ಬಿದ್ರ ಹೊಗೆ ಏಳ್ತೈತಿ. ಡಿಪ್‌ಸ್ಟಿಕ್ ಇರೋ ಗಾಡಿ ಆದ್ರ ಈಗ ನೆಲಕ್ಕ ಇಳಿಸ್ರಿ. ಎಂಜಿನ್ ಚಾಲೂ, ಬ್ರೇಕ್ ಗಟ್ಟಿ ತುಳಿದು ಪಿ, ಆರ್, ಎನ್, ಡಿ ಒಂದೊಂದರಾಗ 5 ಸೆಕೆಂಡ್ ನಿಲ್ಲಿಸಿ ವಾಪಸ್ ಪಿಗೆ ತರ್ರಿ, ಎರಡು ಸಲ. ಇದರಿಂದ ಖಾಲಿ ಇರೋ ದಾರಿಗೆಲ್ಲಾ ಎಣ್ಣಿ ತುಂಬ್ತೈತಿ.

ಈಗ ಮುಖ್ಯ ವಿಷಯ. ಕಾವಿಗೆ ಎಣ್ಣಿ ಉಬ್ತೈತಿ. ಸುಮಾರು 8 ಲೀಟರ್ ಎಣ್ಣಿ 30 ಡಿಗ್ರಿಯಿಂದ 90 ಡಿಗ್ರಿಗೆ ಹೋದ್ರ ಮುನ್ನೂರರಿಂದ ನಾನೂರು ಮಿಲಿ ಜಾಸ್ತಿ ಜಾಗ ತಗೊಳ್ತೈತಿ. ಅಂದ್ರ ಯಾವ ಕಾವಿನ್ಯಾಗ ನೋಡಿದ್ರಿ ಅಂತ ಹೇಳದೇ ಲೆವೆಲ್ ಸರಿ ಐತಿ ಅನ್ನೋ ಮಾತಿಗೆ ಅರ್ಥನೇ ಇಲ್ಲ. ಹೆಚ್ಚಾದ್ರ ತಿರುಗೋ ಗೇರು ಎಣ್ಣಿನ ಕಡೆದು ನೊರಿ ಮಾಡ್ತಾವು, ನೊರಿಯಾಗ ಗಾಳಿ, ಗಾಳಿಯಿಂದ ಒತ್ತಡ ಬರೋದಿಲ್ಲ. ಕಡಿಮಿ ಆದ್ರ ತಿರುವಿನ್ಯಾಗ, ಏರಿನ್ಯಾಗ ಪಂಪ್ ಗಾಳಿ ಎಳೀತೈತಿ, ಡಿಗೆ ಹಾಕಿದ ಮ್ಯಾಲೆ ಗಾಡಿ ತಡವಾಗಿ ಹಿಡಿತೈತಿ. ಎರಡೂ ತಪ್ಪಿನ ಲಕ್ಷಣ ಒಂದೇ ಥರ ಕಾಣೋದರಿಂದನೇ ಮಂದಿ ಇನ್ನೂ ಸ್ವಲ್ಪ ಹಾಕೋಣ ಅಂತ ಹಾಕಿ ಕೆಡಸ್ತಾರ.

ಡಿಪ್‌ಸ್ಟಿಕ್ ಇದ್ರ: 15, 20 ಕಿಲೋಮೀಟರ್ ಓಡಿಸಿ ಎಣ್ಣಿ 70ರಿಂದ 80 ಡಿಗ್ರಿ ಮಾಡ್ಕೊಂಡು, ಸಮ ನೆಲದಾಗ, ಎಂಜಿನ್ ಚಾಲೂ ಇಟ್ಟು, ಪಿಯಾಗ, ಎಳೆದು ಒರೆಸಿ ಮತ್ತ ಹಾಕಿ ಎಳೆದು ನೋಡ್ರಿ. ಎರಡೂ ಮುಖ ನೋಡಿ ಕಡಿಮಿ ತೋರಿಸಿದ್ದನ್ನ ನಂಬ್ರಿ. ಹಾಟ್ ಅಂತ ಇರೋ ಎರಡು ಗೆರಿ ನಡುವ ಇರಬೇಕು, ಕೂಲ್ ಅನ್ನೋ ಗುರ್ತು ಬರೀ ಶುರುವಿನ ಅಂದಾಜಿಗೆ. ಹೋಂಡಾ ಗಾಡಿಯಾಗ ಕ್ರಮ ಬ್ಯಾರೆ, ಎಂಜಿನ್ ಬಿಸಿ ಮಾಡಿ ಬಂದ್ ಮಾಡಿ ಒಂದೂವರಿ ನಿಮಿಷದೊಳಗ ನೋಡಬೇಕು. ಕಡಿಮಿ ಇದ್ರ ಒಂದ್ಸಲಕ್ಕ 100 ಮಿಲಿ ಅಷ್ಟೇ ಹಾಕ್ರಿ.

ಡಿಪ್‌ಸ್ಟಿಕ್ ಇಲ್ಲದ ಗಾಡಿಗೆ ಓವರ್‌ಫ್ಲೋ ಪ್ಲಗ್ ಇರ್ತೈತಿ. ಗಾಡಿ ಸ್ಟ್ಯಾಂಡ್ ಮ್ಯಾಲೆ ಸಮತಟ್ಟಾಗಿ ಇದ್ದು, ಎಂಜಿನ್ ಚಾಲೂ ಇದ್ದು, ಎಣ್ಣಿ ಮ್ಯಾನ್ಯುವಲ್ ಹೇಳಿದ ಕಾವಿಗೆ ಬಂದಾಗ, ಭಾಳಷ್ಟು ಗಾಡಿಗೆ ಇದು 40 ಡಿಗ್ರಿ ಆಸುಪಾಸು, ಆ ಪ್ಲಗ್ ಬಿಚ್ಚಿದ್ರ ಹೆಚ್ಚಿನ ಎಣ್ಣಿ ಸುರಿದು, ಧಾರಿ ಸಣ್ಣ ಆಗಿ ಹನಿ ಹನಿ ಆಗ್ತೈತಿ, ಅದೇ ಸರಿ ಲೆವೆಲ್, ತಕ್ಷಣ ಪ್ಲಗ್ ಹಾಕಬೇಕು. ಏನೂ ಬರದಿದ್ರ ಕಡಿಮಿ ಐತಿ, ತುಂಬಬೇಕು. ಕೆಳಗ ಹೋಗೋ ಮೊದಲು ಪಿ, ಹ್ಯಾಂಡ್‌ಬ್ರೇಕ್ ಮತ್ತೊಮ್ಮೆ ನೋಡ್ರಿ, ಎಂಜಿನ್ ಚಾಲೂ ಐತಿ, ತಮ್ಮನೋ ಗೆಳೆಯನೋ ಒಬ್ಬರು ಸೀಟಿನ್ಯಾಗ ಕುಂತು ಬ್ರೇಕ್ ಒತ್ತಿಡಲಿ.

ಏಪ್ರಿಲ್ ಮೇ ತಿಂಗಳಾಗ ಬಳ್ಳಾರಿಯಾಗ, ರಾಯಚೂರಿನ್ಯಾಗ ಹೊರಗಿನ ಹವಾನೇ 40 ದಾಟಿರ್ತೈತಿ. ನಿಂತ ಗಾಡಿಯ ಎಣ್ಣಿನೇ ಆ ಕಾವಿಗೆ ಬಂದಿರ್ತೈತಿ, ಎಂಜಿನ್ ಚಾಲೂ ಮಾಡಿ ನೀವು ಕೆಳಗ ತೂರೋದರಾಗ 50 ದಾಟಿ ಹೋಗಿರ್ತೈತಿ. ಉಬ್ಬಿದ ಎಣ್ಣಿ ಪ್ಲಗ್ಗಿನಿಂದ ಹೆಚ್ಚು ಸುರಿದು, ತಣ್ಣಗಾದ ಮ್ಯಾಲೆ ಲೆವೆಲ್ ಕಡಿಮಿ ಬೀಳ್ತೈತಿ. ಹಂಗಾಗಿ ನಾನು ಡಿಸೆಂಬರ್ ಬೆಳಗಿನ ಜಾವ ಅಂದಿದ್ದು, ಆಗ ಎಣ್ಣಿ 20ರ ಆಸುಪಾಸಿನಿಂದ ಮೆಲ್ಲಕ ಏರ್ತೈತಿ, ಫೋನ್ ನೋಡ್ಕೊಂತ ಆರಾಮಾಗಿ 40ಕ್ಕ ಕಾಯಬಹುದು. ಬ್ಯಾಸಿಗಿಯಾಗ ಮಾಡಲೇಬೇಕು ಅಂದ್ರ ಲೆವೆಲ್ ನೋಡೋದನ್ನ ರಾತ್ರಿಯೆಲ್ಲಾ ಗಾಡಿ ನಿಲ್ಲಿಸಿ ಬೆಳಿಗ್ಗೆ 5 ಗಂಟೆಗೆ ಮಾಡ್ರಿ, ಹೊಸ ಎಣ್ಣಿ ಡಬ್ಬಿನೂ ಮನಿ ಒಳಗ ತಂಪಿನ್ಯಾಗ ಇಟ್ಕೋರಿ.

ಆಮ್ಯಾಲೆ

ಮೊದಲ ದಿನ ಊರು ಸುತ್ತ ನಿಧಾನಕ್ಕ ಓಡಿಸ್ರಿ, ರಾತ್ರಿ ಗಾಡಿ ಕೆಳಗ ಬಿಳಿ ರಟ್ಟು ಹಾಸಿಡ್ರಿ, ಬೆಳಿಗ್ಗೆ ಕೆಂಪು ಚುಕ್ಕಿ ಬಿದ್ದಿದ್ರ ಆ ಜಾಗದ ಬೋಲ್ಟ್ ನೋಡ್ರಿ. ಹೊಸ ಎಣ್ಣಿಗೆ ಗೇರ್ ಬದಲಾಗೋ ರೀತಿ ಸ್ವಲ್ಪ ದಿನ ಬ್ಯಾರೆ ಅನ್ನಿಸಬಹುದು, ಕೆಲವು ಗಾಡಿಗೆ ಸ್ಕ್ಯಾನರ್ ಹಾಕಿ ಗೇರ್‌ಬಾಕ್ಸ್ ಕಂಪ್ಯೂಟರ್ ಹಳೇ ಎಣ್ಣಿಗೆ ತಕ್ಕಂಗ ಕಲ್ತಿದ್ದನ್ನ ಅಳಿಸಬೇಕು, ಮ್ಯಾನ್ಯುವಲಿನ್ಯಾಗ ಇದ್ರ ಮಾಡಿಸ್ರಿ.

ಒಂದ್ಸಲಕ್ಕ ಎಲ್ಲಾ ಎಣ್ಣಿ ಬದಲಾಗೋದಿಲ್ಲ ಅನ್ನೋದು ನೆನಪಿರಲಿ, ಅರ್ಧಕ್ಕಿಂತ ಹೆಚ್ಚು ಟಾರ್ಕ್ ಕನ್ವರ್ಟರಿನ್ಯಾಗ, ಕೂಲರಿನ್ಯಾಗ ಉಳಿದಿರ್ತೈತಿ. ಒಟ್ಟು 8 ಲೀಟರಿನ್ಯಾಗ 3 ಲೀಟರ್ 200 ಮಿಲಿ ಬದಲಾದ್ರ ಹೊಸದು 40 ಪರ್ಸೆಂಟ್. ಸಾವಿರ ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಇಳಿಸಿ ತುಂಬಿದ್ರ 64, ಮೂರನೇ ಸಲಕ್ಕ 78. ಎರಡನೇ ಮೂರನೇ ಸಲ ಪ್ಯಾನ್ ಬಿಚ್ಚೋದು ಬ್ಯಾಡ, ಬರೀ ಡ್ರೇನ್ ಬೋಲ್ಟ್. ದೊಡ್ಡಪ್ಪನ ಗಾಡಿಯಾಗ ತಪ್ಪು ಎಣ್ಣಿ ಇದ್ದಿದ್ದಕ್ಕ ನಾನು ಮೂರೂ ಸಲ ಮಾಡ್ದೆ, ಅದೂ ಸಾವಿರದ ಬದಲಿ 300 ಕಿಲೋಮೀಟರಿಗೇ. ಎರಡನೇ ಸಲಕ್ಕೇ ನಡುಕ ಕಡಿಮಿ ಆತು, ಮೂರನೇದಕ್ಕ ನಿಂತೇ ಹೋತು.

ಹಳೇ ಎಣ್ಣಿನ ಗಟಾರಕ್ಕ ಸುರೀಬ್ಯಾಡ್ರಿ, ಹೊಲಕ್ಕೂ ಬ್ಯಾಡ. ನಮ್ಮ ಸುತ್ತಮುತ್ತ ತುಂಗಭದ್ರಾ ಡ್ಯಾಮಿನ ಎಚ್‌ಎಲ್‌ಸಿ (ಮೇಲ್ಮಟ್ಟದ), ಎಲ್‌ಎಲ್‌ಸಿ (ಕೆಳಮಟ್ಟದ) ಕಾಲುವಿ ನೀರಿನ್ಯಾಗ ಭತ್ತ ಮೆಣಸಿನಕಾಯಿ ಬೆಳೆಯೋದು, ಗಟಾರಕ್ಕ ಬಿಟ್ಟ ಎಣ್ಣಿ ಅಂಥಾ ನೀರಿಗೇ ಹೋಗಿ ಸೇರ್ತೈತಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಾಗ ಬಳಸಿದ ಎಣ್ಣಿನೂ ಐತಿ. ಸೆಂಟ್ರಿಂಗ್ ಹಲಗಿಗೆ ಹಚ್ಚತೀವಿ ಕೊಡ್ರಿ ಅಂತ ಕೇಳೋರಿಗೂ ನಾನು ಕೊಡೋದಿಲ್ಲ, ಅದೂ ಕಡೀಕ ಮಣ್ಣಿಗೇ ಹೋಗೋದು. ಖಾಲಿ ಆದ ಡಬ್ಬಿಗೇ ವಾಪಸ್ ತುಂಬಿ, ಮುಚ್ಚಳ ಬಿಗಿದು, ಹಳೇ ಎಣ್ಣಿ ಲೈಸೆನ್ಸ್ ಇರೋ ರೀಸೈಕ್ಲರಿಗೆ ಕೊಡೋ ಸರ್ವಿಸ್ ಸೆಂಟರಿಗೆ ಮುಟ್ಟಿಸ್ರಿ, ಮೊದಲು ಫೋನ್ ಮಾಡಿ ಕೇಳಿದ್ರ ಇಸ್ಕೊಳ್ಳೋರು ಸಿಗ್ತಾರ.

ಎತ್ತಿಟ್ಟ ಸಣ್ಣ ಬಾಟಲಿಗಳು ಈಗ ನಮ್ಮ ಕಿಟಕಿಯಾಗ ಅದಾವು. ಮೊದಲನೇದು ಚಾ ಡಿಕಾಕ್ಷನ್‌ನಂಗ ಕರ್ರಗ, ಎರಡನೇದು ಬೆಲ್ಲದ ಪಾಕದಂಗ, ಮೂರನೇದರಾಗ ಬೆಳಕು ಹಾಯ್ದು ಕೆಂಪು ಕಾಣ್ತೈತಿ. ಬದಲಿ ಮಾಡಿದ ತಾರೀಕು, ಕಿಲೋಮೀಟರ್, ಎಣ್ಣಿ ಹೆಸರು ಒಂದು ಚೀಟಿಯಾಗ ಬರೆದು ಡ್ರೈವರ್ ಬಾಗಿಲಿನ ಒಳ ಅಂಚಿಗೆ ಅಂಟಿಸೀನಿ, ಗಾಡಿ ನಾಳೆ ಬ್ಯಾರೆ ಯಾರ ಕೈಗೆ ಹೋದ್ರೂ ಯಾವ ಕೆಂಪೆಣ್ಣಿ ಹಾಕಬೇಕು ಅಂತ ಅವರಿಗೆ ಗೊತ್ತಿರ್ತೈತಿ.